ಮೂರನೇ ಡಿಸ್ಕಿನಲ್ಲಿ ಯಾರೋ ಹುಡುಕುತ್ತಿದ್ದರು

ಮೊದಲೇ ಹೇಳಿಬಿಡುತ್ತೇನೆ, ಇದು ನಡೆದದ್ದು. ನನ್ನ ಕಣ್ಣೆದುರು, ಅರ್ಧ ನನ್ನ ಕೈಯಿಂದಲೇ ನಡೆದದ್ದು. ನಂಬುವವರು ಓದಿ. ನಂಬದವರು ಪುಟ ತಿರುಗಿಸಿ, ನನಗೇನೂ ಬೇಜಾರಿಲ್ಲ. ಆದರೆ ಓದಿ ಮುಗಿಸಿದ ಮೇಲೆ "ವೈರಸ್ ಇದ್ದಿರಬೇಕು" ಅಂತ ಪಾಠ ಹೇಳಲು ಮಾತ್ರ ಬರಬೇಡಿ. ಹಾಗೆ ಹೇಳಿದ ಇಬ್ಬರು ಸ್ನೇಹಿತರ ಜೊತೆ ಈಗಾಗಲೇ ಜಗಳ ಆಡಿಕೊಂಡಿದ್ದೇನೆ.

ನನ್ನ ಹೆಸರು ಯೋಗೇಶ. ಊರು ಬಾಬುರಾಯನಕೊಪ್ಪಲು. ಶ್ರೀರಂಗಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಅಂಗಡಿಯಲ್ಲಿ ಕೂತದ್ದಕ್ಕಿಂತ ಬೈಕಿನ ಮೇಲೆ ಕೂತದ್ದೇ ಹೆಚ್ಚು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿ ಯಾರ ಕಂಪ್ಯೂಟರ್ ಮಲಗಿದರೂ ಫೋನು ನನಗೇ ಬರುತ್ತದೆ.

ಕಂಪ್ಯೂಟರ್ ನಿಧಾನವಾಯಿತು ಅಂದರೆ ಜನ ಕಂಪ್ಯೂಟರನ್ನೇ ಬೈಯುತ್ತಾರೆ. ಬಹಳ ಸಲ ತಪ್ಪು ಡಿಸ್ಕಿನದು. ಹೋಟೆಲಿನಲ್ಲಿ ಬಡಿಸುವವರು ಹತ್ತು ಜನ ಇದ್ದರೂ ದೋಸೆ ಹಂಚು ಒಂದೇ ಇದ್ದರೆ ಏನಾಗುತ್ತದೆ? ಎಲ್ಲರೂ ಕಾಯಬೇಕು. ಡಿಸ್ಕಿನ ಮುಂದೆ ಎಷ್ಟು ಕೋರಿಕೆಗಳು ಸಾಲು ನಿಂತಿವೆ, ಒಂದೊಂದಕ್ಕೆ ಉತ್ತರ ಕೊಡಲು ಅದು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ, ಆ ಹೊತ್ತಿನಲ್ಲಿ ಓದಿಸಿಕೊಳ್ಳುತ್ತಿರುವ ಫೈಲು ಯಾವುದು... ಇಷ್ಟನ್ನು ತಾಳ್ಮೆಯಿಂದ ನೋಡುತ್ತಾ ಕೂತರೆ ಅಡ್ಡ ನಿಂತವನು ಸಿಕ್ಕಿಬೀಳುತ್ತಾನೆ. ಅವನನ್ನು ಹಿಡಿದು ಹೊರಗೆ ಹಾಕುವುದು ನನ್ನ ಕೆಲಸ. ನನಗೆ ತಾಳ್ಮೆ ಇರುವುದು ಅದೊಂದರಲ್ಲೇ.

ನಾಗಮಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮೊದಲ ಮಹಡಿಯಲ್ಲಿ, ಅಮ್ಜದ್ ಭಾಯ್ ಅವರ ಸ್ಟುಡಿಯೋ ಇದೆ. ಮದುವೆ ವಿಡಿಯೋ, ಫೋಟೊ, ಫ್ಲೆಕ್ಸ್ ಎಲ್ಲ ಅಲ್ಲೇ. ಸುತ್ತಮುತ್ತಲ ಹಳ್ಳಿಗಳಲ್ಲಿ ಅವರ ಕ್ಯಾಮೆರಾ ಹೋಗದ ಮದುವೆಯೇ ಕಡಿಮೆ. ಆ ಮದುವೆಗಳೆಲ್ಲ ಈಗ ಒಂದು ಸ್ಟೋರೇಜ್ ಪೆಟ್ಟಿಗೆಯೊಳಗಿವೆ. ಅದರಲ್ಲಿ ನಾಲ್ಕು ಡಿಸ್ಕು. ಒಂದೊಂದು ಡಿಸ್ಕಿನಲ್ಲಿ ಕೆಲವು ವರ್ಷಗಳ ಮದುವೆಗಳು, ಊರಿನ ಹೆಸರು ಮತ್ತು ಗಂಡಿನ ಹೆಸರು ಹಾಕಿದ ಫೋಲ್ಡರುಗಳಲ್ಲಿ.

ಆ ಪೆಟ್ಟಿಗೆ ಕೂರಿಸಿಕೊಟ್ಟವನು ನಾನೇ. ಇನ್ನೊಂದು ಪೆಟ್ಟಿಗೆ ತಗೊಂಡು ಎಲ್ಲದಕ್ಕೂ ಎರಡನೇ ಪ್ರತಿ ಇಟ್ಟುಕೊಳ್ಳಿ ಅಂತ ಆವತ್ತೇ ಬಡಕೊಂಡೆ. ಕೇಳಿದರೆ ತಾನೆ.

ಮದುವೆ ಸೀಸನ್ನಿನ ನಡುವೆ ಅವರ ಫೋನು ಬಂತು. ಹಲೋ ಕೂಡ ಇಲ್ಲ.

"ಏನ್ಲಾ ಯೋಗಿ, ನೀ ಕೊಟ್ಟ ಡಬ್ಬ ದಿನಾ ರಾತ್ರಿ ಮನಗ್ತಾ ಐತಲ್ಲಾ. ವಿಡಿಯೋ ಎಲ್ಲಿ ಅಂತ ಮದ್ವೆ ಮನೆಯೋರು ಬಂದು ಬೈತಾವ್ರೆ. ಬಂದು ನೋಡ್ತೀಯೋ, ಇಲ್ಲಾ ತಕ್ಕಂಡೋಗಿ ಹೊಳೆಗೆ ಎಸ್ದುಬುಡ್ಲೋ?"

ನನಗೂ ಮೈ ಉರಿಯಿತು. ನಾನೂ ಅಷ್ಟೇ ಜೋರಾಗಿ ಬೈದೆ. ಬೈದಾದ ಮೇಲೆ ವಿಷಯ ಕೇಳಿದೆ. ಸ್ಟುಡಿಯೋದವರು ದಿನವೆಲ್ಲ ಎಡಿಟ್ ಮಾಡಿ, ರಾತ್ರಿ ಕಂಪ್ಯೂಟರಿಗೆ ಪೂರ್ತಿ ವಿಡಿಯೋ ತಯಾರಿಸುವ ಕೆಲಸ ಹಚ್ಚಿ ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಬಂದು ನೋಡಿದರೆ ಅರ್ಧಕ್ಕೇ ನಿಂತಿರುತ್ತದೆ. ದಿನಾ ಒಂದೇ ಹೊತ್ತಿಗೆ, ರಾತ್ರಿ ಎರಡು ಹತ್ತಕ್ಕೆ. ಆ ಹೊತ್ತಿಗೆ ಡಿಸ್ಕು ಎಷ್ಟು ನಿಧಾನವಾಗುತ್ತದೆ ಅಂದರೆ ಸಾಫ್ಟ್‌ವೇರ್ ಕಾದು ಕಾದು ಕೈಚೆಲ್ಲುತ್ತದೆ.

ಎರಡು ಹತ್ತಕ್ಕೆ ಆಗುವುದನ್ನು ಹಗಲಿನಲ್ಲಿ ನೋಡಲಾಗುವುದಿಲ್ಲ. ಒಂದು ರಾತ್ರಿ ಅಲ್ಲೇ ಕೂರಬೇಕಾಯಿತು.

ಸಂಜೆ ಐದಕ್ಕೆ ನಾಗಮಂಗಲ ತಲುಪಿದೆ. ಅಮ್ಜದ್ ಭಾಯ್ ಕೆ.ಆರ್. ಪೇಟೆಯ ಛತ್ರವೊಂದಕ್ಕೆ ಹೊರಟು ನಿಂತಿದ್ದರು, ಆವತ್ತು ರಿಸೆಪ್ಷನ್, ಬೆಳಗಿನ ಜಾವ ಮುಹೂರ್ತ. ಮೆಟ್ಟಿಲ ಮೇಲೇ ಇನ್ನೊಂದು ಸುತ್ತು ಜಗಳವಾಡಿ, ಬೀಗದ ಕೈ ನನ್ನ ಜೇಬಿಗೆ ತುರುಕಿ ಹೋದರು.

ಒಳಗೆ ಸವಿತಾ ಒಬ್ಬರೇ ಇದ್ದರು. ಅಲ್ಲಿನ ಹಳೆಯ ಎಡಿಟರ್, ನಲವತ್ತರ ಹತ್ತಿರದ ಹೆಂಗಸು, ಹೆಚ್ಚು ಮಾತಿಲ್ಲ. ನಾನು ನನ್ನ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿ, ನಾಲ್ಕೂ ಡಿಸ್ಕುಗಳ ಓಟ ಪರದೆಯ ಮೇಲೆ ಕಾಣುವಂತೆ ಮಾಡಿಕೊಂಡೆ. ಯಾವ ಫೈಲು, ಡಿಸ್ಕಿನ ಯಾವ ನಂಬರಿನ ಜಾಗ, ಎಷ್ಟು ಹೊತ್ತು... ಎಲ್ಲ ಸಾಲು ಸಾಲಾಗಿ ಬರುತ್ತದೆ.

ಆಗ ಇಬ್ಬರು ಗಂಡಸರು ಬಂದರು. ಗೋವಿಂದನಹಳ್ಳಿಯವರು. ತಾಯಿ ತೀರಿಕೊಂಡಿದ್ದರು, ತಿಥಿಗೆ ಫೋಟೊ ಬೇಕು ಅಂದರು.

ನಮ್ಮ ಕಡೆ ಇದು ಮಾಮೂಲು. ಹನ್ನೊಂದನೇ ದಿನದ ತಿಥಿಗೆ ಹೋದವರ ಫೋಟೊ ಕಟ್ಟು ಹಾಕಿಸಿ ಇಡಬೇಕು. ಹಳ್ಳಿಯ ಹೆಂಗಸರಿಗೆ ಒಳ್ಳೆಯ ಫೋಟೊ ಎಲ್ಲಿರುತ್ತದೆ? ಆಗ ನೆನಪಾಗುವುದು ಯಾವುದೋ ಮದುವೆಯ ವಿಡಿಯೋ. ಅಕ್ಷತೆ ಹಾಕುವಾಗ ನಗುತ್ತಾ ನಿಂತಿದ್ದರಲ್ಲ, ಆ ಮುಖ ತೆಗೆದುಕೊಡಿ ಅಂತ ಸ್ಟುಡಿಯೋಗೆ ಬರುತ್ತಾರೆ.

ಸವಿತಾ ವಿಡಿಯೋ ತೆರೆದು ಹುಡುಕಿದರು. ನನ್ನ ಕಣ್ಣು ನನ್ನ ಪರದೆಯ ಮೇಲಿತ್ತು. ಡಿಸ್ಕಿನ ಓದು ಒಮ್ಮೆಲೇ ದೂರಕ್ಕೆ ಹಾರಿತು. ಸ್ವಲ್ಪ ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ. ಆಮೇಲೆ ಚಿಕ್ಕ ಚಿಕ್ಕ ಹೆಜ್ಜೆ, ಹಿಂದೆ, ಮುಂದೆ, ಹಿಂದೆ... ನಿಂತಿತು. ಮುಖ ಸಿಕ್ಕಿತ್ತು.

"ಇದೇ ಕಣವ್ವ," ಅಂದ ಇಬ್ಬರಲ್ಲಿ ದೊಡ್ಡವನು. "ಇಂಗೇ ನಗೋಳು ನಮ್ಮವ್ವ."

ಅವರು ಹೋದ ಮೇಲೆ ಸವಿತಾ ಬಾಗಿಲು ಮುಂದೆ ಮಾಡಿದರು. ಗೋಡೆಯ ಕ್ಯಾಲೆಂಡರ್ ತೆಗೆದು ನನ್ನ ಮುಂದೆ ಇಟ್ಟರು. ಒಂದೊಂದು ದಿನದ ಮನೆಯಲ್ಲೂ ಪೆನ್ಸಿಲಿನಿಂದ ಊರು, ಹೆಸರು ಬರೆದಿತ್ತು. ಐದು ದಿನದ ಹಿಂದಿನ ಮನೆಯಲ್ಲಿ, ಈಗಷ್ಟೇ ಅವರು ತೆರೆದಿದ್ದ ಗೋವಿಂದನಹಳ್ಳಿಯ ಅದೇ ಮದುವೆ.

"ನಗ್ಬೇಡಿ ಯೋಗಣ್ಣ," ಅಂದರು, ಮೆಲ್ಲಗೆ. "ರಾತ್ರಿ ಮನಗ್ದಾಗೆಲ್ಲ ಕೊನೇಲಿ ಯಾವ ಫೋಲ್ಡ್ರು ಓದೈತೆ ಅಂತ ಡಬ್ಬ ತೋರುಸ್ತದಲ್ಲ, ಅದ ಬರ್ಕಂಡಿವ್ನಿ. ನಾವ್ಯಾರೂ ತೆಗ್ದಿರಲ್ಲ. ಆಮ್ಯಾಕೆ ನಾಕೈದು ದಿನ, ಎಂಟು ದಿನ, ಒಂದೊಂದ್ಸಲ ಹದಿನೈದು ದಿನ... ಆ ಮದ್ವೇಲಿರೋ ಮುಖ ಕೇಳ್ಕಂಡು ಬತ್ತಾರೆ."

ನಾನು ನಗಲಿಲ್ಲ, ರೇಗಿದೆ. ಇಷ್ಟು ಜನ ಸಾಯುತ್ತಾರೆ, ಎಲ್ಲರ ಮದುವೆಯೂ ಇಲ್ಲೇ ಇದೆ, ಹೊಂದಿಸಿಕೊಂಡರೆ ಎಲ್ಲವೂ ಹೊಂದುತ್ತದೆ ಅಂದೆ. ನಿಮ್ಮ ಸಾಹುಕಾರರಿಗೆ ಹೇಳಿದಿರಾ ಅಂತ ಕೇಳಿದೆ. ಹೇಳಿದ್ದರಂತೆ. ಬಾಯಿಬಿಡಬೇಡಮ್ಮ ಅಂದರಂತೆ. ಅದನ್ನು ಕೇಳಿ ಇನ್ನೂ ಸಿಟ್ಟು ಬಂತು. ವಿಷಯ ಮುಚ್ಚಿಟ್ಟು ರಿಪೇರಿಗೆ ಕರೆಯುವ ಗಿರಾಕಿಯನ್ನು ಕಂಡರೆ ನನಗೆ ಆಗುವುದಿಲ್ಲ.

ಒಂಬತ್ತಕ್ಕೆ ಸವಿತಾ ಚೀಲ ಎತ್ತಿಕೊಂಡರು. ಎರಡು ಹತ್ತರ ಹೊತ್ತಲ್ಲಿ ತಾನು ಇಲ್ಲಿ ಇರುವುದಿಲ್ಲ ಅಂತ ಮಾತ್ರ ಹೇಳಿ ಮೆಟ್ಟಿಲಿಳಿದರು.

ನಾನೊಬ್ಬನೇ ಉಳಿದೆ...

ಸ್ಟುಡಿಯೋದ ಒಳಕೋಣೆಯಲ್ಲಿ ಫ್ಲೆಕ್ಸ್ ಒಣಗಲು ನೇತುಹಾಕಿರುತ್ತಾರೆ. ಆವತ್ತು ಅಲ್ಲಿ ನಾಲ್ಕು ಇದ್ದವು, ನಾಲ್ಕೂ ಶ್ರದ್ಧಾಂಜಲಿಯವು. ಆಳೆತ್ತರದ ಮುಖಗಳು. ಶಾಯಿಯ ವಾಸನೆ ಮೂಗು ಸುಡುತ್ತಿತ್ತು. ಫ್ಯಾನಿನ ಗಾಳಿಗೆ ಅವು ಪಟಪಟ ಅನ್ನುತ್ತಿದ್ದವು. ಫ್ಯಾನ್ ಆರಿಸಿದೆ. ಆಮೇಲೆ ಪೆಟ್ಟಿಗೆಯ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ.

ಹೆದರಿಕೆ ಇರಲಿಲ್ಲ. ಸಿಟ್ಟಿತ್ತು. ಸಿಟ್ಟು ಇದ್ದಾಗ ನನಗೆ ನಿದ್ದೆ ಬರುವುದಿಲ್ಲ, ಅದೂ ಒಳ್ಳೆಯದೇ ಆಯಿತು.

ಅನುಮಾನ ಬರುವಂಥದ್ದನ್ನೆಲ್ಲ ಒಂದೊಂದಾಗಿ ಮುಚ್ಚಿದೆ. ರಾತ್ರಿ ತಾನಾಗೇ ಓಡುವ ತಪಾಸಣೆ ನಿಲ್ಲಿಸಿದೆ. ಫೈಲುಗಳ ಪಟ್ಟಿ ಮಾಡುವ ಕೆಲಸ ನಿಲ್ಲಿಸಿದೆ. ಎಡಿಟಿಂಗ್ ಕಂಪ್ಯೂಟರುಗಳನ್ನೆಲ್ಲ ಆರಿಸಿ, ಪ್ಲಗ್ಗುಗಳನ್ನೂ ಕಿತ್ತೆ. ಇಂಟರ್ನೆಟ್ಟಿನ ತಂತಿ ಎಳೆದು ಹಾಕಿದೆ. ಈಗ ಆ ಪೆಟ್ಟಿಗೆಯೊಳಗೆ ಓದಬಲ್ಲವನು ಅಂದರೆ ನಾನು ಒಬ್ಬನೇ. ನಾನು ಏನನ್ನೂ ತೆರೆದಿರಲಿಲ್ಲ.

ಒಂದೂವರೆ. ಎರಡು. ಪರದೆಯ ಮೇಲೆ ನಾಲ್ಕು ಗೆರೆಗಳೂ ನೆಲಕ್ಕೆ ಅಂಟಿಕೊಂಡಿದ್ದವು.

ಎರಡು ಹತ್ತು.

ಟಿಕ್...

ಮೂರನೇ ಡಿಸ್ಕು. ಟಿಕ್... ಕರ್ರ್... ಟಿಕ್ ಟಿಕ್. ಹಳೆಯ ಡಿಸ್ಕುಗಳಲ್ಲಿ ಓದುವ ಮುಳ್ಳು ಓಡಾಡುವುದು ಕಿವಿಗೆ ಕೇಳಿಸುತ್ತದೆ. ಹತ್ತು ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಿದ್ದ ಡಿಸ್ಕು ನೂರಕ್ಕೆ ಏರಿತು, ನಾನೂರಕ್ಕೆ, ಒಂಬೈನೂರಕ್ಕೆ. ಸಾಲು ಬೆಳೆಯುತ್ತಾ ಹೋಯಿತು. ಸಿಕ್ಕಿದೆಯಾ ಮಗನೆ ಅಂದುಕೊಂಡು ಪರದೆಗೆ ಬಗ್ಗಿದೆ.

ಓದುತ್ತಿರುವವರು ಯಾರು ಅನ್ನುವ ಕಡೆ ಖಾಲಿ ಇತ್ತು. ಹೆಸರಿಲ್ಲ. ನನ್ನ ಅಷ್ಟೂ ವರ್ಷದ ಕೆಲಸದಲ್ಲಿ ಆ ಜಾಗ ಖಾಲಿ ಇದ್ದದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಓದುವ ರೀತಿ ನೋಡಿದೆ. ಬ್ಯಾಕಪ್ ಆದರೆ ಮೊದಲಿನಿಂದ ಕೊನೆಗೆ ನೆಟ್ಟಗೆ ಓದುತ್ತದೆ. ವೈರಸ್ ಆದರೆ ಸಿಕ್ಕ ಸಿಕ್ಕ ಫೈಲಿಗೆಲ್ಲ ಕೈ ಹಾಕುತ್ತದೆ. ಇದು ಒಂದೇ ಫೈಲು. ಒಮ್ಮೆಲೇ ದೂರಕ್ಕೆ ಹಾರಿತು. ಸ್ವಲ್ಪ ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ. ಚಿಕ್ಕ ಹೆಜ್ಜೆ, ಹಿಂದೆ, ಮುಂದೆ...

ಸಂಜೆ ಸವಿತಾ ಮಾಡಿದ್ದು ಇದನ್ನೇ. ಯಂತ್ರ ಹೀಗೆ ಓದುವುದಿಲ್ಲ. ಮುಖ ಹುಡುಕುವವರು ಹೀಗೆ ಓದುತ್ತಾರೆ.

ಕಣ್ಣನ್ನು ಮೆಲ್ಲಗೆ ಫೈಲಿನ ಹೆಸರಿನ ಕಡೆ ತಂದೆ.

ಬಾಬುರಾಯನಕೊಪ್ಪಲು. ಯೋಗೇಶ.

ನನ್ನ ಮದುವೆ.

ನನ್ನ ಹೆಂಡತಿ ಶೋಭಾಳ ತವರು ನಾಗಮಂಗಲದ ಪಕ್ಕದ ಹಳ್ಳಿ, ಮದುವೆ ಇಲ್ಲಿನ ಛತ್ರದಲ್ಲೇ ಆದದ್ದು, ವಿಡಿಯೋ ಅಮ್ಜದ್ ಭಾಯ್ ಅವರದೇ. ಅದರೊಳಗೆ ನನ್ನವರೆಲ್ಲ ಇದ್ದರು. ಶೋಭಾ ಇದ್ದಳು. ನಮ್ಮವ್ವ ಇದ್ದಳು. ತಂಗಿ ಇದ್ದಳು. ಪಕ್ಕದ ಮನೆಯಲ್ಲೇ ಇದ್ದೂ ನಾಲ್ಕು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ನಮ್ಮಣ್ಣ ಕೃಷ್ಣ ಇದ್ದ. ನಾನೂ ಇದ್ದೆ.

ಇಷ್ಟರಲ್ಲಿ ಯಾರ ಮುಖ?

ಮನೆಗೆ ಫೋನು ಮಾಡಿದೆ. ಶೋಭಾ ಗಾಬರಿಯಿಂದ ಎದ್ದಳು. ಅವ್ವ ಹೇಗಿದ್ದಾಳೆ ನೋಡು ಅಂದೆ, ಮಕ್ಕಳನ್ನು ನೋಡು ಅಂದೆ, ನೀನು ಹೇಗಿದ್ದೀಯ ಅಂದೆ. ಎಲ್ಲ ಮಲಗಿದ್ದಾರೆ, ಕುಡಿದಿದ್ದೀಯಾ ಅಂತ ಕೇಳಿದಳು. ಪಕ್ಕದ ಮನೆಯನ್ನು ನೋಡು ಅಂತ ನಾನು ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೂ ಇಲ್ಲ. ಇದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಆಮೇಲೆ ಅಮ್ಜದ್ ಭಾಯ್‌ಗೆ ಮಾಡಿದೆ. ಛತ್ರದ ಗದ್ದಲದಿಂದ ಹೊರಗೆ ಬಂದು ಮಾತಾಡಿದರು. ನಾನು ಕಿರುಚುತ್ತಿದ್ದೆ. ಗೊತ್ತಿದ್ದೂ ಮುಚ್ಚಿಟ್ಟೆಯಲ್ಲ, ಇದು ನನ್ನ ಮನೆಯವರ ಮುಖ, ಇದನ್ನು ಈಗಲೇ ನಿಲ್ಲಿಸುತ್ತೇನೆ ಅಂದೆ.

"ಯೋಗಿ... ಮುಟ್ಬೇಡ ಕಣ್ಲಾ," ಅಂದರು. ಯಾವತ್ತೂ ಅಷ್ಟು ಮೆಲ್ಲಗೆ ಮಾತಾಡಿದವರಲ್ಲ. "ಮುಕ್ಕಾಲು ಗಂಟೆ ಬುಡು. ತಾನೇ ನಿಲ್ತದೆ. ವಿಡಿಯೋ ಕೆಲ್ಸ ನಿಲ್ದಂಗೆ ಏನಾರ ಮಾಡ್ತೀಯ ಅಂತ ಕರ್ದೆ ಅಷ್ಟೆಯಾ. ನಾನೂ ಒಂದ್ಸಲ ಕೂತು ನೋಡಿವ್ನಿ. ಅಲ್ಲಾನ ಆಣೆ, ಅದು ಏನೂ ಕೆಡ್ಸಲ್ಲ."

ಕೆಡಿಸುವುದಿಲ್ಲವಂತೆ. ಸತ್ತವರ ಮುಖಗಳನ್ನು ಸಾಲಾಗಿ ಒಣಗಲು ಹಾಕಿದ ಮನುಷ್ಯ ನನಗೆ ಹೇಳುತ್ತಾನೆ, ಕೆಡಿಸುವುದಿಲ್ಲ ಅಂತ. ಫೋನು ಇಟ್ಟೆ.

ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ ಲೆಕ್ಕ. ಅದಕ್ಕೆ ಮುಖ ಸಿಕ್ಕರೆ ಆ ಮನುಷ್ಯ ಹೋಗುತ್ತಾನೆ. ಮುಖ ಸಿಗದಂತೆ ಮಾಡಿದರೆ ಉಳಿಯುತ್ತಾನೆ.

ಬರೀ ಅಳಿಸಿದರೆ ಸಾಲದು. ಫೈಲನ್ನು ಅಳಿಸಿದರೂ ಒಳಗಿನದು ಡಿಸ್ಕಿನಲ್ಲಿ ಹಾಗೇ ಕೂತಿರುತ್ತದೆ, ಗೊತ್ತಿದ್ದವರು ವಾಪಸ್ ತೆಗೆಯುತ್ತಾರೆ. ನಾನೇ ಎಷ್ಟು ಜನಕ್ಕೆ ತೆಗೆದುಕೊಟ್ಟಿಲ್ಲ? ಪೂರ್ತಿ ಹೋಗಬೇಕು ಅಂದರೆ ಆ ಜಾಗದ ಮೇಲೆಲ್ಲ ಸೊನ್ನೆ ಬರೆಸಬೇಕು. ಬರೆಸಲು ಹಚ್ಚಿದೆ. ಒಂದೇ ಒಂದು ಅಕ್ಷರ ತಪ್ಪಲಿಲ್ಲ.

ಸೊನ್ನೆಗಳು ಮೊದಲಿನಿಂದ ಶುರುವಾದವು. ಚಪ್ಪರ, ವರಪೂಜೆ, ನೆಂಟರ ಊಟ... ಒಂದೊಂದೇ ಹೋಗುತ್ತಿದ್ದವು. ಆಗ ಇನ್ನೊಂದು ಕಂಡೆ. ಆ ಓದು ಸೊನ್ನೆಗಳನ್ನು ಕಂಡು ಮುಂದಕ್ಕೆ ಸರಿಯಿತು. ನನ್ನ ಬರಹ ಹತ್ತಿರ ಬಂದಂತೆ ಅದು ಮತ್ತೆ ಮುಂದಕ್ಕೆ. ಟಿಕ್ ಟಿಕ್ ಟಿಕ್... ಸದ್ದು ಈಗ ಅವಸರ ಅವಸರವಾಗಿತ್ತು.

ಕೊನೆಗೆ ಒಂದು ಕಡೆ ನಿಂತಿತು. ಮದುವೆಯ ಕಡೆಯ ಭಾಗ, ಎಲ್ಲರೂ ಹಸೆಯ ಹತ್ತಿರ ಬಂದು ಅಕ್ಷತೆ ಹಾಕುವ ಹೊತ್ತು ಇರಬೇಕು. ಅಂಗೈಯಗಲದ ಜಾಗ. ಅದನ್ನೇ ಓದುತ್ತಿತ್ತು. ಮತ್ತೆ ಅದನ್ನೇ. ಮತ್ತೆ ಅದನ್ನೇ.

ಸಿಕ್ಕಿತ್ತು ಅದಕ್ಕೆ.

ನಾನು ಆಗ ಬರೆಯುವುದನ್ನು ನಿಲ್ಲಿಸಿ, ಆ ಜಾಗ ತೆರೆದು ನೋಡಬಹುದಿತ್ತು. ಯಾರು ಅಂತ ಗೊತ್ತಾಗುತ್ತಿತ್ತು. ಆದರೆ ನೋಡಲಿಲ್ಲ, "ಹೋಗು, ಹೋಗು" ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಸೊನ್ನೆಗಳು ಅಲ್ಲಿಗೆ ಬಂದವು. ಆ ಜಾಗವನ್ನೂ ದಾಟಿದವು.

ಟಿಕ್.

ಆಮೇಲೆ ಸದ್ದಿಲ್ಲ. ಗೆರೆ ನೆಲಕ್ಕೆ ಬಿತ್ತು. ಒಳಕೋಣೆಯಲ್ಲಿ ಮಾತ್ರ, ಫ್ಯಾನ್ ಆರಿಸಿದ್ದರೂ, ಯಾವುದೋ ಒಂದು ಫ್ಲೆಕ್ಸು ಒಮ್ಮೆ ಪಟ್ಟೆಂದಿತು. ನಾನು ಎದ್ದು ಹೋಗಿ ನೋಡಲಿಲ್ಲ. ಗೆದ್ದೆ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ.

ಬೆಳಿಗ್ಗೆ ಬೀಗದ ಕೈಯನ್ನು ಸವಿತಾ ಕೈಗೆ ಕೊಟ್ಟು, ಸರಿಹೋಗಿದೆ, ಇನ್ನು ನಿಲ್ಲುವುದಿಲ್ಲ ಅಂತ ಹೇಳಿ ಹೊರಟೆ. ಪಾಂಡವಪುರದಲ್ಲಿ ಬೈಕ್ ನಿಲ್ಲಿಸಿ ಇಡ್ಲಿ ತಿಂದೆ. ಹಸಿವು ಚೆನ್ನಾಗಿತ್ತು.

ಹನ್ನೆರಡನೇ ದಿನ ಮಧ್ಯಾಹ್ನ ನಮ್ಮಣ್ಣ ಕೃಷ್ಣ ಹೋದ. ಊಟಕ್ಕೆ ಕೂತವನು ಹಾಗೇ ಪಕ್ಕಕ್ಕೆ ವಾಲಿದನಂತೆ.

ಈಗ ಅವನ ವಿಷಯ ಹೇಳಬೇಕು. ಅವನು ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದ. ನೋಡಲು ಚೆನ್ನಾಗಿದ್ದ, ಅದು ಅವನಿಗೂ ಗೊತ್ತಿತ್ತು. ಬಸ್ಸಿನ ತುಂಬ ಅವನದೇ ಮಾತು, ಅವನದೇ ನಗು. ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಕೈಕಾಲು ವಾಪಸ್ ಬಂದವು, ಮುಖ ಬರಲಿಲ್ಲ. ಬಲಗಡೆಯ ತುಟಿ, ಕಣ್ಣು ಎರಡೂ ಜಾರಿಹೋದವು. ಅವನು ಕೆಲಸ ಬಿಟ್ಟ. ಯಾರಾದರೂ ಮನೆಗೆ ಬಂದರೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಒಂದು ದಿನ ತನ್ನ ಹಳೆಯ ಫೋಟೊಗಳನ್ನೆಲ್ಲ ನೀರೊಲೆಗೆ ಹಾಕಿದ. ನನ್ನ ಮದುವೆಯ ಆಲ್ಬಮ್ಮನ್ನು ನೋಡಿಕೊಡುತ್ತೇನೆ ಅಂತ ತಗೊಂಡು ಹೋದ. ವಾಪಸ್ ಕೊಟ್ಟಾಗ ಅವನಿದ್ದ ಜಾಗದಲ್ಲೆಲ್ಲ ಬ್ಲೇಡಿನಿಂದ ಕತ್ತರಿಸಿದ ತೂತುಗಳಿದ್ದವು.

ನಾನು ಬಾಯಿಗೆ ಬಂದಂತೆ ಬೈದೆ. ಅವನೂ ಬೈದ. ನಾಲ್ಕು ವರ್ಷ ಮಾತಿಲ್ಲ. ಸಿಟ್ಟು ನಮ್ಮ ಮನೆಯಲ್ಲಿ ಎಲ್ಲರಿಗೂ ಸಮಪಾಲು.

ಮಣ್ಣು ಮಾಡಿ ಬಂದ ಮೂರನೇ ದಿನ ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದಳು.

"ಯೋಗೇಶ, ತಿಥಿಗೆ ಫೋಟೊ ಬೇಕಲ್ಲಪ್ಪ. ನಿನ್ ಮದ್ವೆ ವಿಡಿಯೋದಲ್ಲಿ ನಗ್ತಾ ಅವ್ರಲ್ಲ... ಅದೊಂದೇ ಉಳ್ದಿರೋದು. ಅದ ತಗಿಸ್ಕೊಡು."

ಅಕ್ಷತೆ ಹಾಕುವ ಹೊತ್ತು... ಅಣ್ಣ ನನ್ನ ತಲೆಯ ಮೇಲೆ ಅಕ್ಷತೆ ಸುರಿದು, ಕಿವಿಯಲ್ಲಿ ಏನೋ ಪೋಲಿ ಮಾತು ಹೇಳಿ, ಕ್ಯಾಮೆರಾ ಕಡೆ ತಿರುಗಿ ಬಾಯಿತುಂಬ ನಕ್ಕಿದ್ದ. ನನಗೆ ಚೆನ್ನಾಗಿ ನೆನಪಿತ್ತು. ಅದು ಓದುತ್ತಾ ನಿಂತದ್ದು ಅಲ್ಲೇ.

ಡಿಸ್ಕು ಕೆಟ್ಟುಹೋಯಿತು ಅತ್ತಿಗೆ, ವಿಡಿಯೋ ಹೋಯಿತು ಅಂದೆ. ಮನೆಯಲ್ಲಿದ್ದ ಸಿ.ಡಿ.? ಅದು ಯಾವತ್ತೋ ಗೀರು ಬಿದ್ದು ಹಾಳಾಗಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನಾನು ನನ್ನ ಮದುವೆಯ ಎರಡನೇ ಪ್ರತಿ ಮಾಡಿಟ್ಟಿರಲಿಲ್ಲ.

ಅತ್ತಿಗೆ ನನ್ನ ಮುಖವನ್ನೇ ನೋಡಿದಳು.

"ಕೆಟ್ಟೋದ್ರೆ ರಿಪೇರಿ ಮಾಡೋನು ನೀನೇ ಅಲ್ವಾ?"

ತಲೆ ತಗ್ಗಿಸಿ ಒಳಗೆ ಹೋದೆ.

ತಿಥಿಗೆ ಆಧಾರ್ ಕಾರ್ಡಿನ ಫೋಟೊ ದೊಡ್ಡದು ಮಾಡಿಸಿದರು. ಅದು ಲಕ್ವ ಹೊಡೆದ ಮೇಲೆ, ರೇಷನ್ ಕಾರ್ಡಿಗೆ ಬೇಕು ಅಂತ ಬಲವಂತದಿಂದ ಹೋಗಿ ತೆಗೆಸಿದ್ದು. ಜಾರಿದ ತುಟಿ, ಅರ್ಧ ಮುಚ್ಚಿದ ಕಣ್ಣು. ಯಾರೂ ನೋಡಬಾರದು ಅಂತ ಐದು ವರ್ಷ ಗೋಡೆಗೆ ತಿರುಗಿ ಕೂತವನ ಅದೇ ಮುಖವನ್ನು ನಡುಮನೆಯಲ್ಲಿ ಹಾರ ಹಾಕಿ, ದೀಪ ಹಚ್ಚಿ, ಬಂದವರೆಲ್ಲ ನೋಡುವಂತೆ ಇಟ್ಟರು. ಈಗಲೂ ಅಲ್ಲೇ ಇದೆ. ನಾನು ಆ ಮನೆಗೆ ಹೋದಾಗ ಬಾಗಿಲ ಹತ್ತಿರವೇ ಕೂರುತ್ತೇನೆ.

ಅಮ್ಜದ್ ಭಾಯ್ ತಿಥಿಗೆ ಬಂದಿದ್ದರು. ನಾನು ಮಾಡಿದ್ದನ್ನು ಆವತ್ತೇ ಅವರಿಗೆ ಹೇಳಿದೆ, ಬೈಯಲಿ ಅಂತಲೇ ಹೇಳಿದೆ. ಅವರು ಬೈಯಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಾ ಅಂದರು, "ಅದು ಜೀವ ಹುಡುಕ್ತಿರ್ಲಿಲ್ಲ ಕಣ್ಲಾ ಯೋಗಿ. ಮುಖ ಹುಡುಕ್ತಿತ್ತು. ಬೇಕಾಗೋ ಹೊತ್ಗೆ ಸಿಗ್ಲಿ ಅಂತ."

ಅದು ಯಾರು? ಯಾಕೆ ಹುಡುಕುತ್ತದೆ? ಅವರಿಗೂ ಗೊತ್ತಿಲ್ಲ. ಅವರ ಮಾತು ಸರಿಯೋ ತಪ್ಪೋ, ಅದೂ ನನಗೆ ಗೊತ್ತಿಲ್ಲ. ಸರಿ ಅನ್ನುವುದಾದರೆ ಅಣ್ಣ ಹೇಗಿದ್ದರೂ ಹೋಗುತ್ತಿದ್ದ. ನಾನು ಆ ರಾತ್ರಿ ಒಂದು ಕ್ಷಣ ನಿಲ್ಲಿಸಿ ಆ ಜಾಗ ನೋಡಿದ್ದರೆ ನನಗೆ ಹನ್ನೆರಡು ದಿನ ಸಿಗುತ್ತಿತ್ತು. ಹೋಗಿ ಮಾತಾಡಿಸುತ್ತಿದ್ದೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ...

ತಿಂಗಳಾದ ಮೇಲೆ ಸವಿತಾ ಫೋನು ಮಾಡಿದರು. ಪೆಟ್ಟಿಗೆ ಮತ್ತೆ ಮಲಗುತ್ತಿದೆ ಅಂದರು. ಈಗ ಮುಕ್ಕಾಲು ಗಂಟೆಯಲ್ಲ, ರಾತ್ರಿ ಪೂರ್ತಿ.

ಹೋದೆ. ಅದೇ ಕುರ್ಚಿ, ಅದೇ ಶಾಯಿಯ ವಾಸನೆ. ಎರಡು ಹತ್ತಕ್ಕೆ ಮೂರನೇ ಡಿಸ್ಕು ಟಿಕ್ ಅಂತು. ಈ ಸಲ ಫೈಲಿನ ಹೆಸರೂ ಇಲ್ಲ. ಡಿಸ್ಕಿನ ಜಾಗದ ನಂಬರು ಮಾತ್ರ ಬರುತ್ತಿತ್ತು. ಆ ನಂಬರುಗಳು ನನಗೆ ಬಾಯಿಪಾಠ. ನಾನು ಸೊನ್ನೆ ಬರೆಸಿದ ಜಾಗ.

ದೂರಕ್ಕೆ ಹಾರುತ್ತದೆ. ಸ್ವಲ್ಪ ಹಿಂದಕ್ಕೆ ಬರುತ್ತದೆ. ಚಿಕ್ಕ ಚಿಕ್ಕ ಹೆಜ್ಜೆ... ಅಕ್ಷತೆಯ ಜಾಗಕ್ಕೆ ಬಂದು ಒಂದು ಗಳಿಗೆ ನಿಲ್ಲುತ್ತದೆ. ಮತ್ತೆ ಮೊದಲಿನಿಂದ ಶುರು. ಮುಂಚೆ ಮುಖ ಸಿಕ್ಕ ಮೇಲೆ ನಿಲ್ಲುತ್ತಿತ್ತು. ಈಗ ನಿಲ್ಲುವುದೇ ಇಲ್ಲ. ಮೊದಲ ಬಸ್ಸಿನ ಹಾರನ್ ಕೇಳುವ ತನಕ ನಾನು ಅದರ ಮುಂದೆ ಕೂತಿದ್ದೆ.

ಉಳಿದ ಮದುವೆಗಳನ್ನು ಹೊಸದಕ್ಕೆ ಹಾಕಿ ಆ ಡಿಸ್ಕು ಕಿತ್ತು ಬಿಸಾಕು ಅಂತ ಅಮ್ಜದ್ ಭಾಯ್ ವಾರಕ್ಕೊಮ್ಮೆ ಫೋನು ಮಾಡಿ ಕೂಗಾಡುತ್ತಾರೆ. ಹೊಸ ಡಿಸ್ಕು ಇನ್ನೂ ಬಂದಿಲ್ಲ ಅಂತ ನಾನು ಸುಳ್ಳು ಹೇಳುತ್ತೇನೆ. ಅದನ್ನು ಕಿತ್ತರೆ ಅಣ್ಣನ ಆ ಮುಖ ಹುಡುಕುವವರೂ ಇರುವುದಿಲ್ಲ. ಈಗ ನಾನು ತಿರುಗಿ ಕೂಗಾಡುವುದಿಲ್ಲ. ಇರುವ ಸಿಟ್ಟೆಲ್ಲ ನನ್ನ ಮೇಲೇ ಖರ್ಚಾಗುತ್ತಿದೆ.

ರಾತ್ರಿ ಎರಡು ಹತ್ತಕ್ಕೆ ನನಗೆ ತಾನಾಗೇ ಎಚ್ಚರವಾಗುತ್ತದೆ. ಈ ಹೊತ್ತಲ್ಲೂ ನಾಗಮಂಗಲದಲ್ಲಿ ಅದು ನಮ್ಮಣ್ಣನ ನಗು ಹುಡುಕುತ್ತಿರುತ್ತದೆ. ಅಲ್ಲಿ ಏನೂ ಇಲ್ಲ. ಅದಕ್ಕೆ ಹಾಗಂತ ಹೇಳುವುದು ಹೇಗೆ ಅಂತ ನನಗೆ ಗೊತ್ತಿಲ್ಲ.